ಫಿಲ್ಟರ್ ಟ್ಯಾಂಕಿನೊಳಗೆ ಉಸುಕೋ, ಗಾಜೋ, ಇನ್ನೇನೋ?

ಓದುಗರ ಪ್ರಶ್ನೆಗೆ ಉತ್ತರ: ಮನೆಯ ಈಜುಕೊಳ

ಬೇಸಿಗೆ ಹತ್ತಿರವಾದಂತೆ ಮನೆಯಂಗಳದ, ಹೊಲದಮನೆಯ ಈಜುಕೊಳಗಳ ಬಗ್ಗೆ ಪತ್ರಗಳು ಬರುತ್ತಿವೆ. ಈ ಸಲ ಫಿಲ್ಟರಿಗೆ ಸಂಬಂಧಪಟ್ಟವನ್ನಷ್ಟೇ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ, ಆಳ 1.2ರಿಂದ 1.5 ಮೀಟರ್. ಬೋರ್‌ವೆಲ್ ನೀರು. ಫಿಲ್ಟರ್ ಟ್ಯಾಂಕಿನ ವ್ಯಾಸ 600 ಮಿ.ಮೀ. ಉಸುಕು ಬದಲಿಸುವ ಹೊತ್ತು ಬಂದಿದೆ. ಪೂಲ್ ನೋಡಿಕೊಳ್ಳುವವರು ‘ಈ ಸಲ ಗಾಜಿನ ಮೀಡಿಯಾ ಹಾಕಸ್ರಿ, ನೀರು ಕನ್ನಡಿ ಆಗ್ತದ’ ಅನ್ನುತ್ತಾರೆ. ಬೆಲೆ ಮಾತ್ರ ಉಸುಕಿನ ಹಲವು ಪಟ್ಟು. ಹಾಕಿಸಬೇಕೆ?
— ಓದುಗರು, ವಿಜಯಪುರ

ಉತ್ತರ: ಮೀಡಿಯಾ ಎಂದರೆ ನೀರು ಸೋಸಲು ಟ್ಯಾಂಕಿನೊಳಗೆ ತುಂಬುವ ಕಾಳು. ಗಾಜು ಕೆಟ್ಟದ್ದೇನಲ್ಲ. ಆದರೆ ಟ್ಯಾಂಕಿಗೆ ಏನು ತುಂಬಬೇಕು ಎನ್ನುವ ಮೊದಲು ಅದರೊಳಗೆ ನೀರು ಎಷ್ಟು ವೇಗದಲ್ಲಿ ಹಾಯುತ್ತದೆ, ಆ ನೀರಿನಲ್ಲಿ ಸುಣ್ಣ ಎಷ್ಟಿದೆ ಎಂದು ನೋಡಬೇಕು. ಇವೆರಡೂ ಎಡವಟ್ಟಾಗಿದ್ದರೆ ಗಾಜು ಸುರಿದರೂ ನೀರು ಕನ್ನಡಿ ಆಗದು.

ಲೆಕ್ಕ ಹಾಕೋಣ. ಸರಾಸರಿ ಆಳ 1.35 ಮೀಟರ್ ಹಿಡಿದರೆ ನಿಮ್ಮ ಕೊಳದಲ್ಲಿ ಸುಮಾರು 43,000 ಲೀಟರ್ ನೀರು. ಅಷ್ಟೂ ನೀರು 6 ತಾಸಿಗೊಮ್ಮೆ ಫಿಲ್ಟರ್ ಹಾದು ಬರಬೇಕೆಂದರೆ ತಾಸಿಗೆ 7,200 ಲೀಟರ್ ಹರಿಯಬೇಕು. 600 ಮಿ.ಮೀ. ಟ್ಯಾಂಕಿನ ಅಡ್ಡಳತೆಯ ವಿಸ್ತೀರ್ಣ 0.28 ಚದರ ಮೀಟರ್. ಭಾಗಿಸಿ ನೋಡಿದರೆ ನೀರು ಉಸುಕಿನೊಳಗೆ ತಾಸಿಗೆ 25 ಮೀಟರಿನಂತೆ ಇಳಿಯುತ್ತದೆ. ಮನೆಯ ಕೊಳಕ್ಕೆ 25ರಿಂದ 30 ಒಳ್ಳೆಯ ವೇಗ. 40 ದಾಟಿದರೆ ಸಣ್ಣ ಕೊಳೆ ಉಸುಕಿನ ಸಂದಿಯಲ್ಲಿ ನಿಲ್ಲದೆ ಮರಳಿ ಕೊಳಕ್ಕೇ ಬರತೊಡಗುತ್ತದೆ. ಸಣ್ಣ ಟ್ಯಾಂಕಿಗೆ ದೊಡ್ಡ ಪಂಪು ಕೂರಿಸುವುದು ಸಾಮಾನ್ಯ ತಪ್ಪು. 500 ಮಿ.ಮೀ. ಟ್ಯಾಂಕಿಗೆ ತಾಸಿಗೆ 16,000 ಲೀಟರ್ ತಳ್ಳುವ ಪಂಪು ಜೋಡಿಸಿದರೆ ವೇಗ 80 ದಾಟುತ್ತದೆ. ಅದು ಸೋಸುವ ವೇಗವಲ್ಲ, ಕಾಲುವೆಯ ವೇಗ.

ಬ್ಯಾಕ್‌ವಾಶ್‌ಗೆ, ಅಂದರೆ ನೀರನ್ನು ತಿರುವಿ ಹರಿಸಿ ಉಸುಕು ತೊಳೆಯುವುದಕ್ಕೆ, ಮಾತ್ರ ಹೆಚ್ಚಿನ ವೇಗವೇ ಬೇಕು. ನೀರು ಕೆಳಗಿನಿಂದ ನುಗ್ಗಿ ಉಸುಕನ್ನೆಲ್ಲ ಎತ್ತಿ ಕದಡಿದರಷ್ಟೇ ಕೊಳೆ ಬಿಡುತ್ತದೆ. ಅದಕ್ಕೆ ತಾಸಿಗೆ 40–45 ಮೀಟರ್ ವೇಗ, ಅಂದರೆ ನಿಮ್ಮ ಟ್ಯಾಂಕಿಗೆ ತಾಸಿಗೆ ಸುಮಾರು 12,000 ಲೀಟರ್ ಬೇಕು. ಅಳೆಯುವುದು ಸುಲಭ: ಬ್ಯಾಕ್‌ವಾಶ್ ಪೈಪಿನ ಬಾಯನ್ನು 200 ಲೀಟರ್ ಡ್ರಮ್ಮಿಗೆ ಹಿಡಿಯಿರಿ. ಒಂದು ನಿಮಿಷಕ್ಕೆ ತುಂಬಿದರೆ 12,000 ಲೀಟರ್ ಬರುತ್ತಿದೆ. ಒಂದೂವರೆ ನಿಮಿಷ ಹಿಡಿದರೆ ಬರೀ 8,000. ಆ ಹರಿವಿಗೆ ಉಸುಕು ಏಳುವುದೇ ಇಲ್ಲ, ಮೇಲಿನ ಪದರವಷ್ಟೇ ತೊಳೆದುಹೋಗುತ್ತದೆ. ಇನ್ನೊಂದು ಮಾತು. ಕಂಪನಿಯ ಪುಸ್ತಕದಲ್ಲಿನ ಅಂಕಿಗಳು ಎಷ್ಟೋ ಸಲ ತಣ್ಣೀರಿನ ದೇಶದವು. ಬೆಚ್ಚಗಿನ ನೀರು ತೆಳ್ಳಗಿರುವುದರಿಂದ ಉಸುಕನ್ನು ಎತ್ತುವ ಬಲ ಕಡಿಮೆ. ವಿಜಯಪುರದ ಏಪ್ರಿಲ್-ಮೇ ತಿಂಗಳಲ್ಲಿ ಬ್ಯಾಕ್‌ವಾಶ್ ಹರಿವು ತುಸು ಹೆಚ್ಚೇ ಇರಲಿ. ಫಿಲ್ಟರ್ ಮಾಡುವಾಗ ರಿಟರ್ನ್ ವಾಲ್ವನ್ನು (ನೀರು ಕೊಳಕ್ಕೆ ಮರಳುವ ದಾರಿಯದು) ಸ್ವಲ್ಪ ಮುಚ್ಚಿ ಹರಿವು ಇಳಿಸಿಕೊಳ್ಳಬಹುದು.

ಇನ್ನು ಸುಣ್ಣದ ವಿಷಯ. ನಿಮ್ಮ ಕೊಳದ ಮೇಲ್ಮೈ 32 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 7 ಮಿ.ಮೀ. ಆವಿಯಾಗುತ್ತದೆ ಎಂದಿಟ್ಟುಕೊಂಡರೂ 224 ಲೀಟರ್ ಹೋಯಿತು. ಹೋಗುವುದು ಬರೀ ನೀರು, ಸುಣ್ಣ ಕೊಳದಲ್ಲೇ ಉಳಿಯುತ್ತದೆ. ತುಂಬಿಸುವ ಬೋರ್ ನೀರಿನ ಗಡಸುತನ 600 ಪಿಪಿಎಂ (ಲೀಟರಿಗೆ 600 ಮಿ.ಗ್ರಾಂ) ಇದ್ದರೆ ದಿನಕ್ಕೆ 134 ಗ್ರಾಂ, ತಿಂಗಳಿಗೆ 4 ಕೆ.ಜಿ. ಸುಣ್ಣ ಹೊಸದಾಗಿ ಸೇರಿದಂತೆ. ತಿಂಗಳು ತಿಂಗಳೂ ಕೊಳದ ಗಡಸುತನ 90 ಪಿಪಿಎಂಗಿಂತ ಹೆಚ್ಚು ಏರುತ್ತದೆ. ಇದರ ಮೇಲೆ ಬ್ಲೀಚಿಂಗ್ ಪೌಡರ್ ಸುರಿದರೆ ಮುಗಿಯಿತು, ಅದರಲ್ಲಿರುವುದೂ ಸುಣ್ಣವೇ. ಪಿಎಚ್ 7.8 ದಾಟಿದೊಡನೆ ಈ ಸುಣ್ಣ ಉಸುಕಿನ ಕಾಳಿಗೆ ಹತ್ತಿ ಹೆಂಟೆ ಕಟ್ಟುತ್ತದೆ. ನೀರು ಹೆಂಟೆಯನ್ನು ಬಳಸಿ ಒಂದೇ ಬಿಲದಿಂದ ಹರಿದು ಹೋಗುತ್ತದೆ. ಆಗ ಗೇಜ್ ಒತ್ತಡ ಕಡಿಮೆಯನ್ನೇ ತೋರಿಸುತ್ತದೆ, ನೀರು ಮಾತ್ರ ಮಬ್ಬು. ‘ಒತ್ತಡ ಸರಿ ಐತಿ, ಫಿಲ್ಟರ್ ಚಲೋ ಐತಿ’ ಅಂದುಕೊಂಡು ಮೋಸ ಹೋಗುವುದು ಇಲ್ಲೇ.

ಗಾಜಿಗೆ ನಿಜವಾದ ಅನುಕೂಲ ಸಿಗುವುದು ಇಂಥ ನೀರಿನಲ್ಲಿ. ಅದರ ಮೈ ನುಣುಪು, ಸುಣ್ಣ ಮತ್ತು ಲೋಳೆ ಅಷ್ಟು ಬೇಗ ಅಂಟುವುದಿಲ್ಲ, ಬ್ಯಾಕ್‌ವಾಶ್‌ನಲ್ಲಿ ಬೇಗ ಬಿಡುತ್ತದೆ. ಉಸುಕು ಹಿಡಿಯುವುದು 20ರಿಂದ 40 ಮೈಕ್ರಾನ್‌ವರೆಗಿನ ಕಣ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಗಾಜು ಅದಕ್ಕಿಂತ ಸಣ್ಣದನ್ನೂ ಹಿಡಿಯುತ್ತದೆಂದು ತಯಾರಕರು ಹೇಳುತ್ತಾರೆ, ವೇಗ ಹದದಲ್ಲಿದ್ದರೆ ವ್ಯತ್ಯಾಸ ಕಾಣುತ್ತದೆ. ಆದರೆ ಗಾಜು ಸುಣ್ಣವನ್ನು ನೀರಿನಿಂದ ತೆಗೆಯುವುದಿಲ್ಲ. ಹೀಟರಿನಲ್ಲಿ, ಟೈಲ್ಸ್ ಅಂಚಿನಲ್ಲಿ ಅದು ಕಟ್ಟಿಯೇ ತೀರುತ್ತದೆ.

ನಮ್ಮ ಸಲಹೆ: ಮೊದಲು ಬೋರ್ ನೀರಿನ ಗಡಸುತನ ಪರೀಕ್ಷೆ ಮಾಡಿಸಿ. 400 ಪಿಪಿಎಂ ಒಳಗಿದ್ದರೆ ಒಳ್ಳೆಯ ಸಿಲಿಕಾ ಉಸುಕೇ ಸಾಕು, ಉಳಿದ ದುಡ್ಡಿನಲ್ಲಿ ಕೊಳಕ್ಕೊಂದು ಹೊದಿಕೆ ತನ್ನಿ. ಆವಿ ಕಡಿಮೆಯಾದರೆ ಸುಣ್ಣವೂ ಕಡಿಮೆ. 600 ದಾಟಿದ್ದು, ಮಳೆನೀರು ಅಥವಾ ಮೆದು ನೀರು ಬೆರೆಸುವ ದಾರಿಯೂ ಇಲ್ಲದಿದ್ದರೆ ಗಾಜು ಹಾಕಿಸಿ. ತೂಕದಲ್ಲಿ ಉಸುಕಿಗಿಂತ 15–20 ಶೇಕಡಾ ಕಡಿಮೆ ಸಾಕು: 145 ಕೆ.ಜಿ. ಉಸುಕು ಹಿಡಿಯುವ ಟ್ಯಾಂಕಿಗೆ ಸುಮಾರು 120 ಕೆ.ಜಿ. ಗಾಜು. 145 ಕೆ.ಜಿ.ಯನ್ನೇ ಮಾರಲು ಬಂದರೆ ಕೊಳ್ಳಬೇಡಿ. ಬಾಟಲಿ ಒಡೆದು ಕುಟ್ಟಿದ ಚೂರು ಬೇಡವೇ ಬೇಡ. ಅಂಚು ಸವೆಸಿ, ಜರಡಿ ಹಿಡಿದ ಪೂಲ್ ದರ್ಜೆಯದೇ ಆಗಬೇಕು.

ಪ್ರಶ್ನೆ: ಘಟಪ್ರಭೆಯ ಉಸುಕು ಮನೆ ಕಟ್ಟಿದಾಗಿನದು ಇನ್ನೂ ಒಂದು ಟ್ರಾಲಿ ಉಳಿದಿದೆ. ತೊಳೆದು, ಸಾಣಿಗೆ ಹಿಡಿದು ಫಿಲ್ಟರಿಗೆ ಹಾಕಬಹುದೇ? ಎಂ-ಸ್ಯಾಂಡ್ ಆದರೆ ಹೇಗೆ?
— ಓದುಗರು, ಮುಧೋಳ

ಉತ್ತರ: ಎರಡೂ ಬೇಡ. ಫಿಲ್ಟರ್ ಉಸುಕಿನ ಗುಣವಿರುವುದು ಕಾಳುಗಳೆಲ್ಲ ಒಂದೇ ಅಳತೆಯವಾಗಿರುವುದರಲ್ಲಿ. ಬೇಕಾದದ್ದು 0.4ರಿಂದ 0.8 ಮಿ.ಮೀ. ನಡುವಿನ ಬೆಣಚುಕಲ್ಲಿನ ಉಸುಕು. ಚೀಲದ ಮೇಲೆ 20/40 ಮೆಶ್ ಎಂದಿರುತ್ತದೆ. ಹೊಳೆಯ ಉಸುಕಿನಲ್ಲಿ ಹುಡಿಯಿಂದ ಹಿಡಿದು ಕಡಲೆಕಾಳಿನ ಗಾತ್ರದವರೆಗೆ ಎಲ್ಲವೂ ಇರುತ್ತದೆ. ಬ್ಯಾಕ್‌ವಾಶ್ ಮಾಡಿದಂತೆಲ್ಲ ಹಗುರಾದ ಹುಡಿ ಮೇಲೆ ಬಂದು ಕೂರುತ್ತದೆ, ಮೇಲಿನ ಎರಡು ಬೆರಳು ದಪ್ಪದ ಪದರ ಒಂದೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ಕೆಳಗಿನ ಉಸುಕು ಕೆಲಸಕ್ಕೇ ಬರುವುದಿಲ್ಲ. ಎಂ-ಸ್ಯಾಂಡಿನಲ್ಲಿ ಹಿಟ್ಟಿನಂಥ ಪುಡಿ ಇನ್ನೂ ಹೆಚ್ಚು, ಎಷ್ಟು ತೊಳೆದರೂ ಮುಗಿಯುವುದಿಲ್ಲ. ಮನೆಯ ಸಾಣಿಗೆಯಿಂದ ದಪ್ಪ ಕಾಳು ತೆಗೆಯಬಹುದು, 0.4ಕ್ಕಿಂತ ಸಣ್ಣದನ್ನು ತೆಗೆಯಲಾಗದು.

ನಿಮ್ಮ ಕಡೆಯವರು ಇನ್ನೊಂದು ಎಚ್ಚರ ವಹಿಸಬೇಕು. ಲೋಕಾಪುರದ ಸುತ್ತಮುತ್ತ ಸುಣ್ಣಕಲ್ಲಿನ ನೆಲ. ಅಂಗಡಿಯಲ್ಲಿ ಬಿಳಿ ಉಸುಕೆಂದು ಕೊಟ್ಟದ್ದರಲ್ಲಿ ಸುಣ್ಣಕಲ್ಲಿನ ಪುಡಿ ಬೆರೆತಿದ್ದರೆ ಕೊಳದ ಪಿಎಚ್ ಎಷ್ಟು ಇಳಿಸಿದರೂ ಮತ್ತೆ ಏರುತ್ತಲೇ ಇರುತ್ತದೆ. ಕೊಳ್ಳುವ ಮೊದಲು ಒಂದು ಹಿಡಿ ಉಸುಕಿಗೆ ಲಿಂಬೆರಸವನ್ನೋ ವಿನೆಗರನ್ನೋ ಹಿಂಡಿ ನೋಡಿ. ಗುಳ್ಳೆ ಎದ್ದರೆ ಅದು ಸುಣ್ಣಕಲ್ಲು, ವಾಪಸ್ ಕೊಡಿ. ಬೆಣಚಿನ ಉಸುಕು ಸುಮ್ಮನಿರುತ್ತದೆ. ಆಮೇಲೆ ಗಾಜಿನ ಬಾಟಲಿಗೆ ಕಾಲು ಭಾಗ ಉಸುಕು, ಉಳಿದಂತೆ ನೀರು ಹಾಕಿ ಅಲುಗಾಡಿಸಿ ಇಡಿ. ಒಂದು ನಿಮಿಷದಲ್ಲಿ ನೀರು ಬಹುಮಟ್ಟಿಗೆ ತಿಳಿಯಾದರೆ ಸರಿ. ಹಾಲಿನಂತೆ ನಿಂತರೆ ಪುಡಿ ಹೆಚ್ಚಿದೆ.

ಪ್ರಶ್ನೆ: ಫಿಲ್ಟರಿನ ಉಸುಕು ಹಾಕಿ ಆರು ವರ್ಷವಾಯಿತು. ಪ್ಲಂಬರ್ ಸಿಗುತ್ತಿಲ್ಲ, ನಾವೇ ಬದಲಿಸಬೇಕೆಂದಿದ್ದೇವೆ. ಮೇಲ್ಭಾಗದಲ್ಲಿ ಆರು ದಾರಿಯ ವಾಲ್ವ್ ಇರುವ ಟ್ಯಾಂಕು. ಕ್ರಮ ತಿಳಿಸಿ.
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಇಬ್ಬರಿದ್ದರೆ ಅರ್ಧ ದಿನದ ಕೆಲಸ. ಹಿಂದಿನ ರಾತ್ರಿಯೇ ಪಂಪಿನ ಎಂಸಿಬಿ ಇಳಿಸಿ, ಕೊಳದಿಂದ ಬರುವ ಮತ್ತು ಹೋಗುವ ವಾಲ್ವ್ ಮುಚ್ಚಿ, ಟ್ಯಾಂಕಿನ ಅಡಿಯ ಡ್ರೇನ್ ಬಿರಟೆ ತೆಗೆದಿಡಿ. ನೀರೆಲ್ಲ ಬಸಿದುಹೋಗಲಿ, ಹಸಿ ಉಸುಕಿನ ತೂಕ ಬೆನ್ನಿಗೆ ಬರುತ್ತದೆ.

ವಾಲ್ವ್ ಬಿಚ್ಚುವ ಮೊದಲು ಅದರ ಮೇಲೂ ಟ್ಯಾಂಕಿನ ಮೇಲೂ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ, ಮರಳಿ ಕೂರಿಸುವಾಗ ದಿಕ್ಕು ತಪ್ಪದು. ವಾಲ್ವ್ ಎತ್ತಿದರೆ ನಡುವೆ ನಿಂತ ಕೊಳವೆ ಕಾಣುತ್ತದೆ. ಅದರ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಟೇಪು ಸುತ್ತಿ. ಅದರೊಳಗೆ ಒಂದು ಹಿಡಿ ಉಸುಕು ಬಿದ್ದರೂ ಅದು ನೇರ ಕೊಳಕ್ಕೇ ಹೋಗುತ್ತದೆ. ಉಸುಕನ್ನು ಮಗ್ಗಿನಿಂದ ತೋಡಿ ತೆಗೆಯಿರಿ, ಸಲಿಕೆ ಬೇಡ. ಕೊಳವೆಯನ್ನು ಹಿಡಿದು ಅಲುಗಾಡಿಸಲೇಬಾರದು. ಅದರ ಬುಡದಲ್ಲಿ ಚಕ್ರದ ಕಡ್ಡಿಗಳಂತೆ ಹರಡಿರುವ ಸೀಳುಗೊಳವೆಗಳಿವೆ, ಲ್ಯಾಟರಲ್ ಎನ್ನುತ್ತಾರೆ. ಉಸುಕಿನ ಭಾರ ಮೇಲಿರುವಾಗ ಕೊಳವೆ ವಾಲಿದರೆ ಅವು ಪಟಕ್ಕನೆ ಮುರಿಯುತ್ತವೆ.

ಟ್ಯಾಂಕು ಖಾಲಿಯಾದ ಮೇಲೆ ಒಂದೊಂದು ಲ್ಯಾಟರಲ್ಲನ್ನೂ ಬೆರಳಾಡಿಸಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬದಲಿಸಿ. ಮತ್ತೆ ಇಷ್ಟೆಲ್ಲ ತೋಡುವ ಕಷ್ಟಕ್ಕಿಂತ ಒಂದು ಲ್ಯಾಟರಲ್ ಬೆಲೆ ಕಡಿಮೆ. ಸೀಳುಗಳಲ್ಲಿ ಸುಣ್ಣ ಕಟ್ಟಿದ್ದರೆ ಬಿಚ್ಚಿ, ವಿನೆಗರಿನಲ್ಲಿ ರಾತ್ರಿಯಿಡೀ ನೆನೆಹಾಕಿ.

ಈಗ ಬಿರಟೆ ಹಾಕಿ ಟ್ಯಾಂಕಿನ ಅರ್ಧದಷ್ಟು ನೀರು ತುಂಬಿ. ಈ ನೀರೇ ಲ್ಯಾಟರಲ್‌ಗಳಿಗೆ ಮೆತ್ತೆ. ಒಣ ಟ್ಯಾಂಕಿಗೆ ಚೀಲವನ್ನು ಒಮ್ಮೆಲೇ ಸುರಿಯುವುದರಿಂದ ಆಗುವ ಹಾನಿ ಬಹಳ. ಟ್ಯಾಂಕಿನ ಚೀಟಿಯಲ್ಲಿ ಗರಸು ಹೇಳಿದ್ದರೆ ಮೊದಲು 3ರಿಂದ 6 ಮಿ.ಮೀ. ಬೆಣಚುಕಲ್ಲನ್ನು ಲ್ಯಾಟರಲ್ ಮುಚ್ಚುವಷ್ಟು ಹಾಕಿ. ಆಮೇಲೆ ಉಸುಕು. ಎಷ್ಟೆಂಬುದೂ ಚೀಟಿಯಲ್ಲೇ ಇರುತ್ತದೆ. ಚೀಟಿ ಹರಿದುಹೋಗಿದ್ದರೆ ಲೆಕ್ಕ ಹೀಗೆ: ಟ್ಯಾಂಕಿನ ಅಡ್ಡಳತೆಯ ವಿಸ್ತೀರ್ಣವನ್ನು (ಚದರ ಮೀಟರಿನಲ್ಲಿ) ಪದರದ ಎತ್ತರದಿಂದ (ಮೀಟರಿನಲ್ಲಿ) ಗುಣಿಸಿ, ಅದನ್ನು 1,500ರಿಂದ ಗುಣಿಸಿ. 600 ಮಿ.ಮೀ. ಟ್ಯಾಂಕಿಗೆ 35 ಸೆಂ.ಮೀ. ಪದರವೆಂದರೆ 148 ಕೆ.ಜಿ. ಬಂದೀತು. ಮೇಲೆ ಮೂರನೇ ಒಂದು ಭಾಗ ಖಾಲಿ ಇರಲೇಬೇಕು, ಬ್ಯಾಕ್‌ವಾಶ್‌ನಲ್ಲಿ ಉಸುಕು ಏಳುವುದಕ್ಕೆ. ‘ಇನ್ನೊಂದು ಚೀಲ ಇರಲಿ’ ಎಂದು ತುಂಬಿದರೆ ಅದು ಬ್ಯಾಕ್‌ವಾಶ್ ಪೈಪಿನಲ್ಲಿ ಗಟಾರ ಸೇರುತ್ತದೆ. ಸುರಿಯುವಾಗ ಉಸುಕು ತೋಯಿಸಿಕೊಳ್ಳಿ, ಮೂಗು-ಬಾಯಿಗೆ ಮಾಸ್ಕ್ ಇರಲಿ. ಸಿಲಿಕಾ ದೂಳು ಪುಪ್ಪುಸಕ್ಕೆ ಕೆಟ್ಟದ್ದು.

ವಾಲ್ವಿನ ಅಡಿಯ ರಬ್ಬರು ಬಳೆಗೆ (ಓ-ರಿಂಗ್) ಸಿಲಿಕೋನ್ ಗ್ರೀಸನ್ನೇ ಹಚ್ಚಿ. ವ್ಯಾಸಲೀನ್ ಹಚ್ಚಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ. ಕ್ಲ್ಯಾಂಪ್ ಬಿಗಿಮಾಡಿ, ವಾಲ್ವನ್ನು ಮೊದಲು ಬ್ಯಾಕ್‌ವಾಶ್‌ಗೆ ತಿರುಗಿಸಿ, ಆಮೇಲೆ ಪಂಪು ಹಚ್ಚಿ. ನೇರ ಫಿಲ್ಟರಿಗೆ ಹಚ್ಚಿದರೆ ಹೊಸ ಉಸುಕಿನ ಪುಡಿಯೆಲ್ಲ ಕೊಳದಲ್ಲಿ. ಪಂಪು ಶುರುವಾಗುವಾಗ ಟ್ಯಾಂಕಿನ ಮೇಲೆ ಬಗ್ಗಿ ನಿಲ್ಲಬೇಡಿ. ಒಳಗೆ ಸಿಕ್ಕ ಗಾಳಿ ಒತ್ತಿ, ಸರಿಯಾಗಿ ಕೂರದ ಕ್ಲ್ಯಾಂಪ್ ಸಿಡಿದರೆ ತಲೆಗೇ ಬರುತ್ತದೆ. ವಾಲ್ವಿನ ಪಕ್ಕದ ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಬ್ಯಾಕ್‌ವಾಶ್, ಪಂಪು ನಿಲ್ಲಿಸಿ ಒಂದು ನಿಮಿಷ ರಿನ್ಸ್ (ಸೋಸಿದ ನೀರು ಕೊಳಕ್ಕೆ ಬರದೆ ಹೊರಗೆ ಹೋಗುತ್ತದೆ), ಮತ್ತೆ ನಿಲ್ಲಿಸಿ ಫಿಲ್ಟರ್. ಪಂಪು ಓಡುವಾಗ ಹಿಡಿಕೆ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಕಿತ್ತುಹೋಗುತ್ತದೆ.

ಆಗ ಗೇಜಿನಲ್ಲಿ ತೋರುವ ಒತ್ತಡವನ್ನು ಟ್ಯಾಂಕಿನ ಮೇಲೆಯೇ ಬರೆದಿಡಿ. 0.8 ಬಾರ್ ಇದ್ದರೆ, 1.3 ಅಥವಾ 1.4 ಆದಾಗ ಮಾತ್ರ ಮುಂದಿನ ಬ್ಯಾಕ್‌ವಾಶ್. ದಿನಾ ಮಾಡುವ ಚಟ ಒಳ್ಳೆಯದಲ್ಲ. ತುಸು ಕೊಳೆ ಹಿಡಿದ ಉಸುಕೇ ಹೊಸ ಉಸುಕಿಗಿಂತ ಚೆನ್ನಾಗಿ ಸೋಸುತ್ತದೆ.

ಪ್ರಶ್ನೆ: ಉಸುಕು ಬದಲಿಸಿದಾಗಿನಿಂದ ಕೊಳದ ತಳದಲ್ಲಿ ಉಸುಕಿನ ಗುಪ್ಪೆ ಕಾಣುತ್ತಿದೆ.
— ಓದುಗರು, ಜಮಖಂಡಿ

ಉತ್ತರ: ಎರಡು-ಮೂರು ದಿನ ಬಂದು ನಿಂತರೆ ಅದು ರಿನ್ಸ್ ಮಾಡದೆ ಬಿಟ್ಟ ಹುಡಿ. ವಾರವಾದರೂ ನಿಲ್ಲದಿದ್ದರೆ ಲ್ಯಾಟರಲ್ ಮುರಿದಿದೆ, ಇಲ್ಲವೇ ನಡುಗೊಳವೆ ವಾಲ್ವಿನೊಳಗೆ ಸರಿಯಾಗಿ ಕೂತಿಲ್ಲ. ರಿಟರ್ನ್ ಬಾಯಿಗೆ ಹಳೆಯ ನೈಲಾನ್ ಕಾಲುಚೀಲ ಕಟ್ಟಿ ಒಂದು ತಾಸು ಪಂಪು ನಡೆಸಿ. ಸಿಕ್ಕಿದ ಕಾಳನ್ನು ಬೆರಳಲ್ಲಿ ಉಜ್ಜಿ ನೋಡಿ: ದಪ್ಪ ಕಾಳಾದರೆ ಮುರಿದ ಲ್ಯಾಟರಲ್, ಹಿಟ್ಟಿನಂತಿದ್ದರೆ ಉಸುಕಿನ ದರ್ಜೆಯೇ ತಪ್ಪು.

ಪ್ರಶ್ನೆ: 30,000 ಲೀಟರಿನ ಕೊಳ. ಕ್ಲೋರಿನ್ ಮಾತ್ರೆ ತಪ್ಪದೆ ಹಾಕುತ್ತೇವೆ. ಆದರೂ ನೀರು ಹಸಿರಾಗುತ್ತದೆ. ಉಸುಕಿನ ಬದಲು ಜಿಯೋಲೈಟ್ ಎಂಬ ಖನಿಜದ ಕಾಳು ಹಾಕಿದರೆ ಸರಿಹೋಗುವುದೇ? ಮುಂದೆ ಉಪ್ಪುನೀರಿನಿಂದ ಕ್ಲೋರಿನ್ ಮಾಡುವ ಕ್ಲೋರಿನೇಟರ್ ಕೂರಿಸುವ ಯೋಚನೆಯೂ ಇದೆ.
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಪಾಚಿಯನ್ನು ಕೊಲ್ಲುವುದು ಕ್ಲೋರಿನ್, ಫಿಲ್ಟರ್ ಅಲ್ಲ. ಯಾವ ಮೀಡಿಯಾ ಹಾಕಿದರೂ ಅದು ಸತ್ತ ಪಾಚಿಯನ್ನಷ್ಟೇ ಎತ್ತುತ್ತದೆ. ನಿಮ್ಮ ತೊಂದರೆ ಮಾತ್ರೆಯಲ್ಲೇ ಇರಬಹುದು. ಟ್ರೈಕ್ಲೋರ್ ಮಾತ್ರೆಯಲ್ಲಿ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಮ್ಲವೂ ಇದೆ. ಬಿಸಿಲಿಗೆ ಕ್ಲೋರಿನ್ ಹಾರದಂತೆ ಅದು ಕಾಯುತ್ತದೆ, ಆದರೆ ಕ್ಲೋರಿನ್ ಖರ್ಚಾದರೂ ಅದು ಉಳಿಯುತ್ತದೆ. 200 ಗ್ರಾಂ ಮಾತ್ರೆ ಒಂದು ನಿಮ್ಮ ಕೊಳಕ್ಕೆ ಸುಮಾರು 3.6 ಪಿಪಿಎಂ ಸಯನ್ಯೂರಿಕ್ ಆಮ್ಲ ಸೇರಿಸುತ್ತದೆ. ಮೂರು ದಿನಕ್ಕೊಂದರಂತೆ ಮೂರು ತಿಂಗಳು ಹಾಕಿದರೆ 100 ದಾಟಿತು. ಅಷ್ಟಾದಾಗ 2 ಪಿಪಿಎಂ ಕ್ಲೋರಿನ್ ಇದ್ದರೂ ಇಲ್ಲದಂತೆಯೇ. ಇದನ್ನು ಉಸುಕಾಗಲಿ ಜಿಯೋಲೈಟಾಗಲಿ ಹಿಡಿಯದು. ಅರ್ಧ ನೀರು ಹೊರಚೆಲ್ಲಿ ಹೊಸ ನೀರು ತುಂಬಬೇಕು. ಬೆಳಗಾವಿಯ ಮುಂಗಾರು ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ, ಓವರ್‌ಫ್ಲೋ ದಾರಿ ತೆರೆದಿಡಿ ಅಷ್ಟೇ. ಮುಂದೆ ದ್ರವ ಹೈಪೋಕ್ಲೋರೈಟ್ ಬಳಸಿ. ಮಾತ್ರೆ ಹಾಕಿದ ಡಬ್ಬಿಗೆ ಬ್ಲೀಚಿಂಗ್ ಪೌಡರನ್ನಾಗಲಿ ಬೇರಾವ ಕ್ಲೋರಿನನ್ನಾಗಲಿ ಎಂದೂ ಬೆರೆಸಬೇಡಿ, ಬೆಂಕಿ ಹತ್ತಿ ಸಿಡಿಯುತ್ತದೆ.

ಜಿಯೋಲೈಟಿನ ಹೆಚ್ಚುಗಾರಿಕೆ ಅಮೋನಿಯಾ ಹಿಡಿಯುವುದು. ಹಿಡಿದು ತುಂಬಿದ ಮೇಲೆ ಅದನ್ನು ಉಪ್ಪುನೀರಿನಲ್ಲಿ ನೆನೆಸಿ ಮತ್ತೆ ಖಾಲಿ ಮಾಡುತ್ತಾರೆ. ಕ್ಲೋರಿನೇಟರಿಗಾಗಿ ನಿಮ್ಮ ಕೊಳದ ನೀರೇ ಉಪ್ಪಾದ ಮೇಲೆ? ಲೀಟರಿಗೆ 3–4 ಗ್ರಾಂ ಉಪ್ಪಿನಲ್ಲಿ ಅದರ ಆ ಗುಣ ಬಹಳಷ್ಟು ಕುಂದುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಕೊಳ್ಳುವುದು ದಂಡ.

ಪ್ರಶ್ನೆ: ಹೊಲದಾಗ ಸಣ್ಣದೊಂದು ಪೂಲ್ ಮಾಡೀವ್ರಿ. ಟ್ಯಾಂಕು 500 ಮಿ.ಮೀ. ವಾರಕ್ಕೊಮ್ಮೆ ಬ್ಯಾಕ್‌ವಾಶ್ ಮಾಡಿದ್ರ ನೀರು ಭಾಳ ಹೋಗ್ತದ. ನಮ್ಮ ಕಡೆ ನೀರಿಂದ ತ್ರಾಸ. ಕಾರ್ಟ್ರಿಜ್ ಹಾಕಿದ್ರ ಉಳೀತದೇನ್ರಿ? ಹೋಗೋ ನೀರು ಗಿಡಕ್ಕ ಬಿಡಬಹುದಾ?
— ಓದುಗರು, ಇಂಡಿ

ಉತ್ತರ: ಉಳಿಯುತ್ತದೆ. ಕಾರ್ಟ್ರಿಜ್ ಎಂದರೆ ಉಸುಕಿನ ಬದಲು ಮಡಿಕೆ ಹಾಕಿದ ಬಟ್ಟೆಯಲ್ಲಿ ಸೋಸುವ ಫಿಲ್ಟರ್. ನಿಮ್ಮ ಟ್ಯಾಂಕಿಗೆ ಒಂದು ಬ್ಯಾಕ್‌ವಾಶ್, ಮೂರು ನಿಮಿಷವೆಂದರೂ 450 ಲೀಟರ್. ರಿನ್ಸ್ ಸೇರಿ 500 ದಾಟುತ್ತದೆ. ತಿಂಗಳಿಗೆ ಎರಡು ಸಾವಿರ ಲೀಟರ್. ಕಾರ್ಟ್ರಿಜ್ ತೊಳೆಯಲು ನೂರು ಲೀಟರ್ ಸಾಕು, ಹಿಡಿಯುವುದೂ 10–20 ಮೈಕ್ರಾನ್‌ವರೆಗೆ. ತಾಸಿಗೆ 1,000 ಲೀಟರಿಗೆ ಒಂದು ಚದರ ಮೀಟರಿಗಿಂತ ತುಸು ಹೆಚ್ಚು ಬಟ್ಟೆ ಎಂದು ಲೆಕ್ಕ ಹಿಡಿದು ಗಾತ್ರ ಆರಿಸಿ. ಸಣ್ಣದು ತಂದರೆ ವಾರಕ್ಕೆರಡು ಸಲ ತೊಳೆಯುವುದೇ ಕೆಲಸವಾಗುತ್ತದೆ.

ನೀರು ಗಡಸಾದ ಕಡೆ ಕಾರ್ಟ್ರಿಜಿನ ಮಡಿಕೆಗಳು ಸುಣ್ಣ ಹಿಡಿದು ಹಲಗೆಯಂತಾಗುತ್ತವೆ. ತೊಳೆಯುವ ಕ್ರಮ ಮುಖ್ಯ: ಮೊದಲು ಪೈಪಿನ ನೀರಿನಿಂದ ಮಡಿಕೆ ಮಡಿಕೆಯನ್ನೂ ಓರೆಯಾಗಿ ಹೊಡೆದು ತೊಳೆಯಿರಿ, ಪ್ರೆಶರ್ ವಾಷರ್ ಬೇಡ. ಆಮೇಲೆ ಜಿಡ್ಡು ಬಿಡಿಸುವ ಫಿಲ್ಟರ್ ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿ. ಜಿಡ್ಡು ಹೋದ ಮೇಲಷ್ಟೇ ಆಮ್ಲ: 20 ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲ, ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರಲ್ಲ. ಜಿಡ್ಡಿರುವಾಗಲೇ ಆಮ್ಲಕ್ಕೆ ಅದ್ದಿದರೆ ಅದು ಬಟ್ಟೆಯೊಳಗೆ ಕಚ್ಚಿಕೊಂಡು ಮತ್ತೆ ಬಿಡುವುದೇ ಇಲ್ಲ. ಎರಡು ಕಾರ್ಟ್ರಿಜ್ ಇಟ್ಟುಕೊಂಡರೆ ಒಂದು ನೆನೆಯುವಾಗ ಇನ್ನೊಂದು ಓಡುತ್ತದೆ.

ಉಸುಕಿನ ಫಿಲ್ಟರನ್ನೇ ಉಳಿಸಿಕೊಂಡರೆ ಬ್ಯಾಕ್‌ವಾಶ್ ನೀರನ್ನು 1,000 ಲೀಟರ್ ಟಾಕಿಯಲ್ಲಿ ಎರಡು ದಿನ ಬಿಸಿಲಿಗೆ ಬಿಡಿ. ಕ್ಲೋರಿನ್ ಹಾರಿ ಕೊಳೆ ತಳ ಸೇರುತ್ತದೆ. ಮೇಲಿನ ನೀರು ತೆಂಗಿಗೆ, ಬೇವಿಗೆ ಆದೀತು. ಲಿಂಬೆ ಗಿಡಕ್ಕೆ ಮಾತ್ರ ಬೇಡ, ಲಿಂಬೆ ಉಪ್ಪಿನಂಶ ತಾಳುವುದಿಲ್ಲ. ತಿಳಿ ಕಂಡಿತೆಂದು ಮರಳಿ ಕೊಳಕ್ಕೂ ಬಿಡಬೇಡಿ.

ಪ್ರಶ್ನೆ: ಟ್ಯಾಂಕರ್ ನೀರು ತುಂಬಿಸಿದೆವು. ನಾಲ್ಕು ದಿನ ಫಿಲ್ಟರ್ ಓಡಿಸಿದರೂ ಕದಡಿದ ಬಣ್ಣ ಹೋಗಲಿಲ್ಲ. ಉಸುಕು ಹೊಸದು.
— ಓದುಗರು, ಬಸವನ ಬಾಗೇವಾಡಿ

ಉತ್ತರ: ಅದು ಎರೆಮಣ್ಣಿನ ಜೇಡಿ. ಅದರ ಕಣ 2 ಮೈಕ್ರಾನಿಗಿಂತ ಸಣ್ಣದು. ಉಸುಕು, ಗಾಜು, ಕಾರ್ಟ್ರಿಜ್ ಯಾವುದಕ್ಕೂ ನೇರವಾಗಿ ಸಿಗುವುದಿಲ್ಲ. ಮೊದಲು ಮುದ್ದೆ ಕಟ್ಟಿಸಬೇಕು. ಪಿಎಚ್ 7.2ರ ಆಸುಪಾಸಿಗೆ ತನ್ನಿ. 1,000 ಲೀಟರಿಗೆ 25 ಗ್ರಾಂ ಲೆಕ್ಕದಲ್ಲಿ ಆಲಂ (ಪಟಿಕ) ಬಕೆಟ್ಟಿನಲ್ಲಿ ಕರಗಿಸಿ ಸುತ್ತಲೂ ಚೆಲ್ಲಿ. ವಾಲ್ವನ್ನು ರೀಸರ್ಕ್ಯುಲೇಟ್‌ಗಿಟ್ಟು (ನೀರು ಉಸುಕನ್ನು ಹಾಯದೆ ಸುತ್ತುತ್ತದೆ) ಒಂದು ತಾಸು ಪಂಪು ನಡೆಸಿ ನಿಲ್ಲಿಸಿ, ರಾತ್ರಿಯೆಲ್ಲ ಯಾರೂ ಇಳಿಯದಂತೆ ಬಿಡಿ. ಬೆಳಿಗ್ಗೆ ತಳದಲ್ಲಿ ಹತ್ತಿಯಂಥ ಪದರ ಕೂತಿರುತ್ತದೆ. ವಾಲ್ವ್ ವೇಸ್ಟ್‌ಗಿಟ್ಟು, ಕದಡದಂತೆ ನಿಧಾನವಾಗಿ ವ್ಯಾಕ್ಯೂಮ್ ಎಳೆದು ನೇರ ಹೊರಗೆ ಬಿಡಿ. ಫಿಲ್ಟರ್ ಮೂಲಕ ಎಳೆದರೆ ಆ ಲೋಳೆ ಉಸುಕನ್ನು ಅಂಟಿನಂತೆ ಕಟ್ಟಿಹಾಕುತ್ತದೆ.

ಆದಿಲ್‌ಶಾಹಿ ಕಾಲದ ವಿಜಯಪುರದಲ್ಲಿ ನೀರಿನ ಕೊಳವೆಯ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳಿದ್ದವು. ಅಲ್ಲಿ ಒತ್ತಡ ಇಳಿದು, ಮಣ್ಣು ತಳಕ್ಕೆ ಕೂತು, ನೀರು ಮುಂದೆ ಹೋಗುತ್ತಿತ್ತು. ನೀವೂ ಮುಂದಿನ ಸಲ ಟ್ಯಾಂಕರ್ ನೀರನ್ನು ಮೊದಲು ನೆಲದ ತೊಟ್ಟಿಗೆ ಇಳಿಸಿ, ಒಂದು ದಿನ ನಿಲ್ಲಿಸಿ, ಮೇಲಿನಿಂದ ಎಳೆದುಕೊಳ್ಳಿ. ಆಲಂ ಅರ್ಧದಷ್ಟೂ ಬೇಕಾಗದು.

ಪ್ರಶ್ನೆ: ಮಕ್ಕಳಿಗೆಂದು ತಂದ ರೆಡಿಮೇಡ್ ಪೂಲಿನ ಪುಟ್ಟ ಉಸುಕಿನ ಫಿಲ್ಟರಿಗೆ ‘ಫೈಬರ್ ಬಾಲ್’ ಹಾಕಬಹುದೇ?
— ಓದುಗರು, ಗೋಕಾಕ

ಉತ್ತರ: ಹಾಕಬಹುದು. 700 ಗ್ರಾಂ ಉಂಡೆ 25 ಕೆ.ಜಿ. ಉಸುಕಿಗೆ ಸಮ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಎತ್ತಲು ಹಗುರು, ಸಣ್ಣ ಪಂಪಿಗೆ ಭಾರವಾಗದು. ಅವಕ್ಕೆ ಬ್ಯಾಕ್‌ವಾಶ್ ಹತ್ತುವುದಿಲ್ಲ, ಹೊರತೆಗೆದು ಬಕೆಟ್ಟಿನಲ್ಲಿ ಹಿಂಡಿ ತೊಳೆಯಬೇಕು. ಉಂಡೆಗಳನ್ನು ಒತ್ತಿ ತುರುಕಬೇಡಿ. ನಡುವೆ ಸಂದಿ ಉಳಿಯದಂತೆ ಸಡಿಲವಾಗಿ ತುಂಬಿ, ಮೊದಲ ದಿನ ಕುಸಿದ ಮೇಲೆ ಇನ್ನಷ್ಟು ಸೇರಿಸಿ.